ಕಮಲಾಪುರದಲ್ಲಿ ಹುಟ್ಟಿದ ಕಾಕು

ಕಾಕುವಿನ ಮೊಣಕೈಯಿಂದ ಮಣಿಕಟ್ಟಿನವರೆಗೆ ಎಳ್ಳು ಚೆಲ್ಲಿದಂತೆ ಕಪ್ಪು ಕಲೆಗಳಿದ್ದವು. ಅಂಡಮಾನಿನ ಕಡಲದಂಡೆಯ ಸಣ್ಣ ನೊಣಗಳು ಕಚ್ಚಿ, ಕೆರೆದು ಕೆರೆದು ಉಳಿದ ಗುರುತುಗಳು. ಬೆಳಿಗ್ಗೆ ರೊಟ್ಟಿ ತಟ್ಟುವಾಗ ಅವುಗಳ ಮೇಲೆ ಜೋಳದ ಹಿಟ್ಟು ಕೂತು ಒಂದಷ್ಟು ಹೊತ್ತು ಮರೆಯಾಗುತ್ತಿದ್ದವು.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಪಕ್ಕದ ಬಾಡಿಗೆ ಕೋಣೆಗೆ ಅವರು ಮಗಳೊಂದಿಗೆ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಜಗತ್ ಸರ್ಕಲ್ ಕಡೆಯ ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಟ್ಟು ಬದುಕುತ್ತಿದ್ದರು. ಓಣಿಗೆಲ್ಲ ಅವರು ಕಾಕು, ಚಿಕ್ಕಮ್ಮ. ಕೋಣೆಯ ಗೋಡೆಗೆ ಒಂದೂ ಮೊಳೆ ಹೊಡೆದವರಲ್ಲ. ಬಟ್ಟೆಗಳು ಗಂಟಿನಲ್ಲಿ, ತೀರಿಹೋದ ಗಂಡನ ಫೋಟೊ ಅಕ್ಕಿ ಡಬ್ಬಿಗೆ ಒರಗಿಕೊಂಡು. ಒಮ್ಮೆ ನಾನೇ ಸುತ್ತಿಗೆ ಹಿಡಿದು ಹೋದೆ.

"ಬ್ಯಾಡವ್ವ," ಅಂದರು. "ಮೊಳಿ ಹೊಡದ ಮ್ಯಾಲ ಮನಿ ಬಿಡೂದು ಭಾಳ ಕಷ್ಟ ಆಗ್ತದ."

ಅವರು ಹುಟ್ಟಿದ್ದು ಇಲ್ಲೇ ಹತ್ತಿರದ ಕಮಲಾಪುರದಲ್ಲಿ. ತೆಲಂಗಾಣದ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬನನ್ನು ಮದುವೆಯಾಗಿ, ಗುತ್ತಿಗೆದಾರನ ಹಿಂದೆ ಅಂಡಮಾನಿನ ಒಂದು ದ್ವೀಪಕ್ಕೆ ಹೋದವರು. ಮಗಳು ಹುಟ್ಟಿದ್ದು, ಓದಿದ್ದು ಅಲ್ಲೇ. ಆದರೆ ಆ ದ್ವೀಪದಲ್ಲಿ ನೌಕರಿ, ಕಾಲೇಜಿನ ಸೀಟು ಎಲ್ಲ ದ್ವೀಪದವರೆಂಬ ಗುರುತಿನ ಚೀಟಿ ಇದ್ದವರಿಗೆ. ಚೀಟಿಗೆ ಮನೆಯ ಕಾಗದ ಬೇಕು. ಕಾಗದವಿದ್ದ ಮನೆಗಳ ಮಾಲೀಕರು ಕೂಲಿಯವರಿಗೆ ಬಾಡಿಗೆ ಕರಾರು ಬರೆದುಕೊಡುತ್ತಿರಲಿಲ್ಲ. ಹಾಗಾಗಿ ಗಂಡ ಗುಡ್ಡದ ಇಳಿಜಾರಿನ ಸರ್ಕಾರಿ ಜಾಗದಲ್ಲಿ ತಾನೇ ಒಂದು ಮನೆ ಕಟ್ಟಿದ. ಅದನ್ನು ಕೆಡವಲು ಒಂದು ದಿನ ಯಂತ್ರ ಬಂತು.

"ನಾ ನೆಲ ಒರಸಾಕತ್ತಿದ್ದೆ," ಎಂದು ಕಾಕು ಹೇಳಿದ್ದರು. "ಯಂತ್ರ ಅಂಗಳದಾಗ ನಿಂತದ. ನಾ ಒರಸಿ ಮುಗಿಸಿದೆ ನೋಡು. ಯಾಕ್ ಒರಸಿದ್ನೋ, ಇವತ್ತಿಗೂ ತಿಳಿವಲ್ದು."

ಆಮೇಲೆ ಕೆಲಸದ ಜಾಗದ ತಗಡಿನ ಶೆಡ್ಡು. ಅಲ್ಲಿ ಗಂಡ ಜ್ವರದಲ್ಲಿ ಹೋದ. ತಾಯಿ ಮಗಳು ಹಡಗು ಹತ್ತಲು ಬಂದರೆ ಟಿಕೇಟಿಗೆ ಎರಡು ಸಾಲು: ದ್ವೀಪದವರದು ಒಂದು, ಹೊರಗಿನವರದು ಒಂದು. ಮಗಳು ಹೋಗಿ ಮೊದಲನೆಯದರಲ್ಲಿ ನಿಂತಿದ್ದಳಂತೆ.

"ಕೈ ಹಿಡದು ಎಳಕೊಂಡು ಬಂದೆ. ನಮ್ಮೂರಿಗಿ ಹೋಗೂಣು ನಡಿ, ಅಲ್ಲಿ ನಮಗ ಯಾರೂ ಏನೂ ಕೇಳೂದಿಲ್ಲ ಅಂದೆ."

ನಮ್ಮ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಇದೆ. ಅದಕ್ಕೆ ಸ್ಥಳೀಯರೆಂಬ ಪ್ರಮಾಣಪತ್ರ ಬೇಕು. ನಾನು ಶಿಕ್ಷಕಿಯ ಹುದ್ದೆಗೆ ಅರ್ಜಿ ಹಾಕಬೇಕಿದ್ದಾಗ ಟೈಫಾಯ್ಡ್ ಹಿಡಿದು ಮಲಗಿದ್ದೆ. ರೊಟ್ಟಿ ಕೆಲಸ ಬಿಟ್ಟು, ಬಿಸಿಲಲ್ಲಿ ಕಚೇರಿಗೆ ಅಲೆದು, ಆ ಪತ್ರವನ್ನು ತಂದುಕೊಟ್ಟವರು ಕಾಕು. ನನ್ನ ಅಪ್ಪ ತುಮಕೂರು ಕಡೆಯಿಂದ ಬ್ಯಾಂಕಿನ ನೌಕರಿಗೆ ಬಂದವರು. ನಾನು ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಹುಟ್ಟಿದ್ದೆ, ಜನನ ಪತ್ರವಿತ್ತು. ಅಷ್ಟು ಸಾಕಾಯಿತು. "ಈಗ ನೀ ಪಕ್ಕಾ ನಮ್ಮಾಕಿ ಆದಿ," ಎಂದು ಕಾಕು ನನ್ನ ಹಣೆ ಮುಟ್ಟಿ ನಕ್ಕರು. ನನಗೆ ಕಮಲಾಪುರದ ಶಾಲೆಯಲ್ಲೇ ಕೆಲಸ ಸಿಕ್ಕಿತು.

ಅಷ್ಟರಲ್ಲಿ ಅವರ ಮಗಳು ನರ್ಸಿಂಗ್ ಮುಗಿಸಿದಳು. ಸರ್ಕಾರಿ ಹುದ್ದೆಗೆ ಅವಳಿಗೂ ಅದೇ ಪತ್ರ ಬೇಕಾಯಿತು. ಅವಳು ಹುಟ್ಟಿದ್ದು ದ್ವೀಪದಲ್ಲಿ. ಹಾಗಾಗಿ ತಾಯಿ ಇಲ್ಲಿ ಹುಟ್ಟಿದವಳೆಂದು ತೋರಿಸಬೇಕು. ಕಾಕು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತವರಿನವರು ಉಳಿದಿರಲಿಲ್ಲ, ಅವರ ಗುಡಿಸಲಿದ್ದ ಜಾಗದಲ್ಲಿ ಸಿಮೆಂಟ್ ಅಂಗಡಿ. ಬಾಳೆತೋಟದಲ್ಲಿ ಕೂಲಿ ಮಾಡುತ್ತಿದ್ದ ಬಾಲ್ಯದ ಗೆಳತಿಯನ್ನು ಸಾಕ್ಷಿಗೆ ಕರೆದುಕೊಂಡು ಕಾಕು, ಮಗಳು, ನಾನು ಕಚೇರಿಗೆ ಹೋದೆವು.

"ಇಲ್ಲೇ ಹುಟ್ಟೀರಿ ಅನ್ನಾಕ ದಾಖಲಿ ಏನದ?" ಗುಮಾಸ್ತರು ಕೇಳಿದರು.

"ನಾನೇ ಅದೀನಲ್ರೀ," ಅಂದರು ಕಾಕು.

ಗೆಳತಿ ಮುಂದೆ ಬಂದಳು. "ನಾವಿಬ್ರೂ ಒಂದೇ ಮಳಿಗಾಲದಾಗ ಹುಟ್ಟೀವ್ರೀ. ನಮ್ಮವ್ವನ ಹಾಲು ಕುಡದು ಬೆಳದಾಳ ಈಕಿ."

ಗುಮಾಸ್ತರು ಒರಟರಲ್ಲ. ಕೂರಿಸಿ ನೀರು ಕೊಟ್ಟರು. "ನಿಮ್ಮ ಮಾತು ಖರೇನೇ ಇರಬೇಕವ್ವ. ಆದ್ರ ಖರೇ ಅಂತ ಬರೀಲಿಕ್ಕ ನನಗ ಕಾಗದ ಬೇಕು."

ಮರಳುವ ಬಸ್ಸಿನಲ್ಲಿ ಕಾಕು ನನ್ನತ್ತ ತಿರುಗಿ ಕೇಳಿದರು: "ಹಂಗಾದ್ರ ನಾ ಎಲ್ಲಿ ಹುಟ್ಟೀನವ್ವ?"

ಮತ್ತೆ ಮತ್ತೆ ಹೋದರು. ಪ್ರತಿಸಲ ಇಲ್ಲವೆನಿಸಿಕೊಂಡು ಬಂದರು. ಹೊಟ್ಟೆನೋವನ್ನು ಯಾರಿಗೂ ಹೇಳದೆ ರೊಟ್ಟಿ ತಟ್ಟುತ್ತಲೇ ಇದ್ದರು. ದವಾಖಾನೆಗೆ ಸೇರಿಸುವ ಹೊತ್ತಿಗೆ ಏನೂ ಮಾಡುವಂತಿರಲಿಲ್ಲ. ಮಗಳೇ ಆರೈಕೆ ಮಾಡಿದಳು, ಮಗಳೇ ಕಣ್ಣು ಮುಚ್ಚಿಸಿದಳು.

ಮರಣ ಪತ್ರ ತರಲು ನಾವಿಬ್ಬರೇ ಹೋದೆವು. ಕಾಯಂ ವಿಳಾಸದ ಮುಂದೆ ಬ್ರಹ್ಮಪುರ, ಕಲಬುರಗಿ ಎಂದು ಬರೆದಿತ್ತು. ಅದಕ್ಕೆ ಯಾರೂ ಪುರಾವೆ ಕೇಳಿರಲಿಲ್ಲ. ಮಗಳು ಅದನ್ನು ಎರಡು ಸಲ ಓದಿದಳು.

"ಅಕ್ಕಾ, ಇದನ್ನ ತೋರಿಸಿದ್ರ ನಡೀತದೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ.

ಅವಳೀಗ ಖಾಸಗಿ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಾಳೆ. ಅರ್ಜಿ ಹಾಕುವುದನ್ನು ಬಿಟ್ಟಿದ್ದಾಳೆ. ಕಮಲಾಪುರದ ಶಾಲೆಗೆ ಹೊಸದಾಗಿ ಸೇರಿದ ಮಕ್ಕಳು ನನ್ನನ್ನು ಕೇಳುತ್ತಾರೆ, "ಟೀಚರ್, ನಿಮ್ಮೂರು ಯಾವುದ್ರೀ?" ಇದೇ ಸೀಮೆ ನನ್ನದು ಎನ್ನಲು ನನ್ನ ಬಳಿ ಕಾಗದವಿದೆ. ಬಾಯಿ ಬರುವುದಿಲ್ಲ.