ಬೀಗರ ಪೆನ್‌ಡ್ರೈವಿಗೆ ವೈರಸ್ ತಪಾಸಣೆ

ನೋಡ್ರಪ್ಪಾ, ಬೆಳಿಗ್ಗೆ ಮಳವಳ್ಳಿಯಿಂದ ಬೀಗರು ಬಂದರು, ನನ್ನ ಮಗಳ ಮದುವೆ ಫೋಟೋಗಳ ಪೆನ್‌ಡ್ರೈವ್ ಕೊಟ್ಟರು. ನಾನು ಕಂಪ್ಯೂಟರಿಗೆ ಚುಚ್ಚಿ, ಬಿಟ್ಟಿ ಸಿಗೋ ವೈರಸ್ ಹುಡುಕೋ ಸಾಫ್ಟ್‌ವೇರಿನಲ್ಲಿ ಮೊದಲು ತಪಾಸಣೆಗೆ ಬಿಟ್ಟೆ.

ಬೀಗರ ಮುಖ ಕೆಂಪಾಯ್ತು. “ನಮ್ಮನೆಯಿಂದ ಬಂದಿದ್ದಕ್ಕೂ ಪರೀಕ್ಸೆನಾ ಬೀಗ್ರೇ?”

“ಕಾಯಿಲೆ ಇಲ್ದಿದ್ರೆ ಭಯ ಯಾಕ್ರೀ?” ಅಂದೆ.

ಅಡುಗೆಮನೆಯಿಂದ ನನ್ನಾಕೆ, “ಮಗ್ಳು ಆ ಮನೇಲಿ ಬಾಳ್ಬೇಕು, ಬಾಯಿ ಮುಚ್ಕೊಂಡಿರಿ!” ಅಂದಳು.

ಪೆನ್‌ಡ್ರೈವ್ ಶುದ್ಧವಾಗಿತ್ತು. “ಈಗ ನಿಮ್ದೂ ನೋಡಿ” ಅಂದರು ಬೀಗರು. ನೋಡಿದರೆ ನನ್ನ ಕಂಪ್ಯೂಟರಲ್ಲೇ ಹತ್ತೊಂಬತ್ತು ವೈರಸ್! ಬೀಗರು ತಕ್ಷಣ ಪೆನ್‌ಡ್ರೈವ್ ಕಿತ್ತು ಜೇಬಿಗಿಟ್ಟರು. “ವಾಪಸ್ ತಗೊಂಡೋಯ್ತೀನಿ ಬುಡಿ, ಇಲ್ಲಿದ್ರೆ ಕೆಟ್ಟೋಯ್ತದೆ.”

ಮಗಳ ಫೋಟೋ ಒಂದೂ ನೋಡಲಿಲ್ಲ. ಮದುವೆಗೆ ಮುಂಚೆ ಅವರ ಮನೆತನದ ಬಗ್ಗೆ ನಾನು ಮೂರೂರಲ್ಲಿ ವಿಚಾರಿಸಿದ್ದೆ. ನಮ್ಮ ಮನೆತನದ ಬಗ್ಗೆ ಅವರು ಎಲ್ಲೂ ಅಲೆಯೋದೇ ಬೇಕಾಗಲಿಲ್ಲ, ಅವರು ಕೂತಲ್ಲೇ ನಮ್ಮ ಹುಳುಕು ನಾನೇ ತೋರಿಸಿಬಿಟ್ಟೆ.