ಬೀಗರೇ ಇಲ್ಲದ ಬೀಗರ ಊಟ

ಮಳವಳ್ಳಿಯ ಮಂಗಳಮ್ಮ ಇಪ್ಪತ್ತು ವರ್ಷ ಲಗ್ನಪತ್ರಿಕೆ ಟೈಪ್ ಮಾಡಿದವಳು. ತಾಲ್ಲೂಕಿನ ಅರ್ಧ ಸಂಸಾರಗಳು ಅವಳ ಕಂಪ್ಯೂಟರಿನಲ್ಲೇ ಶುರುವಾದವು. ಈಗ ಜನ ಪತ್ರಿಕೆಯನ್ನು ಮೊಬೈಲಿನಲ್ಲೇ ಮಾಡಿ ಕಳಿಸಿಬಿಡುತ್ತಾರೆ. ಹೊಸ ಕಸುಬು ಕೈಹಿಡಿಯದಿದ್ದರೆ ಅಂಗಡಿ ಮುಚ್ಚುವುದೇ.

ಹಟ ಹಿಡಿದು ಆನ್‌ಲೈನ್ ಜಾಹೀರಾತು ಹಾಕುವುದನ್ನು ಕಲಿತಳು. ಜಾಹೀರಾತಿನ ಕಂಪನಿ ಕ್ಲೈಂಟ್ ಲೈಬ್ರರಿ ಎಂಬ ಸಿದ್ಧ ಕೋಡಿನ ಕಟ್ಟು ಕೊಡುತ್ತದೆ. ಊರು, ದಿನ, ಒಕ್ಕಣೆ ತುಂಬಿ ಓಡಿಸಿದರೆ ಅದು ಜಾಹೀರಾತನ್ನು ಎಪಿಐ ಎಂಬ ಕಂಪ್ಯೂಟರ್ ದಾರಿಯ ಮೂಲಕ ಕಂಪನಿಗೆ ಮುಟ್ಟಿಸುತ್ತದೆ. ವಧು, ವರ, ಮುಹೂರ್ತ ತುಂಬಿದ ಹಾಗೇ ಅಲ್ಲವೇ ಎಂದು ಮಂಗಳಮ್ಮನಿಗೆ ಧೈರ್ಯ ಬಂತು. ಆ ಧೈರ್ಯವೇ ಕೆಡಿಸಿದ್ದು.

ಮೊದಲ ಗಿರಾಕಿ ಬೆಸಗರಹಳ್ಳಿಯ ರಾಮಲಿಂಗಯ್ಯ, ಬೀಗರ ಊಟಕ್ಕೆ ಬಾಡು ಬೇಯಿಸುವವನು. ಅವನ ಹೆಸರು, ಮನೆ ವಿಳಾಸ, ಫೋನ್ ನಂಬರು ತುಂಬಿದಳು. ಕೈ ಸುಮ್ಮನಿರಬೇಕಲ್ಲ! ಅಭ್ಯಾಸಬಲದಿಂದ ಭಾನುವಾರದ ತಾರೀಖು ಹಾಕಿ, 'ಬೀಗರ ಊಟಕ್ಕೆ ಸಕುಟುಂಬ ಸಮೇತ ಆಗಮಿಸಿ' ಎಂದು ಮುಗಿಸಿತು. ಕಂಪನಿ ಕೊಟ್ಟ ಮಾದರಿ ಕೋಡಿನಲ್ಲಿ, ಇನ್ನೊಮ್ಮೆ ಓದಿ ನೋಡಲೆಂದು ಹೊಸ ಜಾಹೀರಾತನ್ನು ತಡೆದಿಡುವ ಸಾಲೊಂದಿತ್ತು. ಶುಭಕಾರ್ಯಕ್ಕೆ ತಡೆ ಯಾಕೆಂದು ಅದನ್ನೂ ತೆಗೆದಳು.

ಭಾನುವಾರ ಮಧ್ಯಾಹ್ನ ರಾಮಲಿಂಗಯ್ಯನ ಫೋನು. "ಏನವ್ವಾ ಮಾಡ್ಬುಟ್ಟೆ! ಅನಕೆರೆಯಿಂದ, ಮದ್ದೂರಿಂದ ಜನ ಬಂದು ಕುಂತವ್ರೆ. ಗಂಡೆಲ್ಲಿ, ಎಣ್ಣೆಲ್ಲಿ ಅಂತ ಕೇಳ್ತಾವ್ರೆ!"

ಅಂಗಡಿಯ ಕಥೆ ಮುಗಿಯಿತು, ಕ್ಷಮೆಯನ್ನಾದರೂ ಕೇಳೋಣವೆಂದು ಮಂಗಳಮ್ಮ ಮದ್ದೂರಿನಲ್ಲಿ ಬಸ್ಸು ಬದಲಿಸಿ ಬೆಸಗರಹಳ್ಳಿಗೆ ಓಡಿದಳು.

ಅಲ್ಲಿ ನೋಡಿದರೆ ಎಲೆ ಹಾಕಿ ಬಡಿಸಿಯಾಗಿತ್ತು. ಉಣ್ಣಲು ಬಂದವರನ್ನು ವಾಪಸು ಕಳಿಸುವುದುಂಟೆ? ಎದುರುಮನೆಯವರ ಕುರಿಯನ್ನೇ ಕೇಳಿ ತಂದು ಬೇಯಿಸಿದ್ದರು. ಬಂದವರೂ ಮದುವೆಯ ಕಾಣಿಕೆ ಕೊಟ್ಟು ಮುಯ್ಯಿ ಮಾಡದೆ ಎದ್ದುಹೋಗುವ ಜನರಲ್ಲ. ಗಂಡು ಹೆಣ್ಣು ಸಿಗದೆ, ಅರವತ್ತು ದಾಟಿದ ರಾಮಲಿಂಗಯ್ಯನನ್ನೂ ಅವನ ಹೆಂಡತಿ ದೊಡ್ಡತಾಯಮ್ಮನನ್ನೂ ಕುರ್ಚಿಯಲ್ಲಿ ಕೂರಿಸಿ ಅಕ್ಷತೆ ಹಾಕುತ್ತಿದ್ದರು. ದೊಡ್ಡತಾಯಮ್ಮ ನಾಚಿಕೊಂಡು ಸೆರಗು ಕಚ್ಚಿದ್ದಳು.

ಮಂಗಳಮ್ಮ ಕೈಮುಗಿದಳು. "ತಪ್ಪಾಯ್ತು ಕಣಣ್ಣ. ಈ ಕಸುಬೇ ಬುಟ್ಬುಡ್ತೀನಿ."

"ಬುಟ್ಗಿಟ್ಟೀಯ! ಉಂಡೋರಲ್ಲಿ ಮೂರು ಜನ ತಮ್ ಮಕ್ಕಳ ಮದ್ವೆ ಅಡುಗೆಗೆ ನನ್ನೇ ಗೊತ್ತು ಮಾಡ್ಕಂಡವ್ರೆ," ಎಂದ ರಾಮಲಿಂಗಯ್ಯ, ತಲೆಯ ಮೇಲಿನ ಅಕ್ಕಿ ಕೊಡವುತ್ತ. "ಮುಂದಿನ ತಿಂಗ್ಳೂ ಇಂಗೇ ಜಾಯೀರಾತು ಆಕವ್ವ. ಆದ್ರೆ ಎಲ್ಲಾರ್ಗಿಂತ ಮದ್ಲು ನನ್ನ ಕರಿ. ಅಡುಗೆ ಮಾಡೋನು ನಾನು ಕಣಮ್ಮ!"