ಮೇಲಷ್ಟೇ ಹದ ಮಾಡಿದ ಮಟ್ಟಿ

ದಸ್ತಗೀರ, ನಿನ್ನ ಬಲಗೈ ಭುಜದಿಂದ ಮೇಲೆ ಏಳದ ಹಾಗೆ ಮಾಡಿದವನು ನಾನು. ನಮ್ಮ ಕುಸ್ತಿ ಗುರು ವಸ್ತಾದರಲ್ಲ. ಹನ್ನೆರಡು ವರ್ಷ ಈ ಮಾತನ್ನು ನುಂಗಿಕೊಂಡು ಬಂದೆ. ಬಾಯಿಂದ ಹೇಳಲಾಗದ್ದಕ್ಕೆ ಈ ಕಾಗದ ಬರೆಯುತ್ತಿದ್ದೇನೆ.

ದೇವಣಗಾಂವದ ಗರಡಿಮನೆಯಲ್ಲಿ ಶಿವಪ್ಪ ವಸ್ತಾದರು ಯಾರನ್ನೂ ಒಮ್ಮೆಲೇ ಶಿಷ್ಯನೆಂದು ಒಪ್ಪುತ್ತಿರಲಿಲ್ಲ, ನಿನಗೆ ಗೊತ್ತಲ್ಲ. ಹೊಸಬ ನಲವತ್ತು ದಿನ ಕುಸ್ತಿಕಣದ ಮಣ್ಣು, ನಮ್ಮ ಮಟ್ಟಿ, ಅಗೆಯಬೇಕು. ಮೊಣಕೈ ಆಳದವರೆಗೆ ಸಡಿಲಿಸಿ, ಹರಳು ಹೆಕ್ಕಿ, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಬೇಕು. ನಾನೂ ಮಾಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಾಗ, ಆಗಲೇ ಅವರ ಶಿಷ್ಯನಾಗಿದ್ದ ನೀನು ನಕ್ಕಿದ್ದೆ: "ಬಸು, ಕುಸ್ತಿಗಿಂತ ಮೊದಲ ಮಟ್ಟೀನ ನಿನ್ನ ಕೆಡವಾಕತ್ತೈತಿ ನೋಡು."

ನಲವತ್ತನೆಯ ದಿನ ಬೆಳಿಗ್ಗೆ ತೆಂಗಿನಕಾಯಿ ಹಿಡಿದು ಅವರ ಕಾಲಿಗೆ ಬಿದ್ದೆ. ಅವರು ಕಾಯಿ ಮುಟ್ಟಲಿಲ್ಲ.

"ನಿನಗ ಕಲಸಂಗಿಲ್ಲಪ್ಪ. ನಿನಗ ಅಂಜಿಕಿ ಅನ್ನೂದ ಇಲ್ಲ. ಅಂಜಿಕಿ ಇಲ್ಲದಾವ ಎದುರಿನವನ ಕೈಕಾಲ ಮುರದ ಮ್ಯಾಲೇ ಎಚ್ಚರಾಗತಾನ. ಇವತ್ತೊಂದಿನ ಮಟ್ಟಿ ಹದಾ ಮಾಡಿ ಮನಿಗಿ ಹೋಗು."

ಅವಮಾನವಾಯಿತು — ಇಲ್ಲ, ಹಾಗೆಂದರೆ ನೆಪ ಹೇಳಿದಂತಾಗುತ್ತದೆ. ಸಿಟ್ಟು ಬಂತು. ನಾಲ್ಕು ಬೆರಳಷ್ಟು ಮಣ್ಣು ಮಾತ್ರ ಸಡಿಲಿಸಿ ಮೇಲೆ ನುಣ್ಣಗೆ ಹರವಿದೆ. ಹಿಂದಿನ ದಿನದ ಕುಸ್ತಿಯಲ್ಲಿ ತುಳಿತುಳಿದು ಗಟ್ಟಿಯಾಗಿದ್ದ ತಳಕ್ಕೆ ಸಲಿಕೆ ತಾಗಿಸಲೇ ಇಲ್ಲ. ಯಾರಾದರೂ ಬಿದ್ದು ಬೆನ್ನು ಹಿಡಿದುಕೊಳ್ಳಲಿ, ವಸ್ತಾದರ ಹೆಸರು ಕೆಡಲಿ, ಅಷ್ಟೇ ಅಂದುಕೊಂಡಿದ್ದೆ. ಮೊದಲು ಇಳಿಯುವವನು ನೀನೇ ಎಂದು — ಗೊತ್ತಿತ್ತು, ದಸ್ತಗೀರ. ದಿನಾಲೂ ನೀನೇ ಇಳಿಯುತ್ತಿದ್ದೆ.

ನಿನ್ನ ಭುಜ ನೆಲಕ್ಕೆ ಬಡಿದ ಸದ್ದು ಬಾಗಿಲಲ್ಲಿ ನಿಂತಿದ್ದ ನನಗೆ ಕೇಳಿಸಿತು. ವಸ್ತಾದರು ಓಡಿ ಬಂದು ಮಟ್ಟಿಯೊಳಗೆ ಕೈ ತೂರಿಸಿದರು. ಮಣಿಕಟ್ಟಿನ ತನಕವೂ ಹೋಗಲಿಲ್ಲ. ತಲೆ ಎತ್ತಿ ನೇರ ನನ್ನನ್ನೇ ನೋಡಿದರು. ಆಗ ಅಂಜಿದೆ. ಅಲ್ಲೇ ಕುಸ್ತಿ ನೋಡುತ್ತಿದ್ದ ನಿಮ್ಮಣ್ಣ ಚೀರಿದ, "ಮಟ್ಟಿ ಹದಾ ಮಾಡಿದಾವ ಯಾವಾಂವ?"

"ನಾನ," ಎಂದರು ವಸ್ತಾದರು.

ನಿಮ್ಮಣ್ಣ ಅವರ ಮುಖಕ್ಕೆ ಉಗುಳಿದಾಗಲೂ ನಾನು ನಿಜ ಹೇಳಲಿಲ್ಲ. ನೀನು ಅವರ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿದೆ. ಗರಡಿಗೆ ಬೀಗ ಬಿತ್ತು.

ನಾನು ಸಿಂದಗಿಯಲ್ಲಿ ಆಟದ ಮೇಷ್ಟ್ರಾದೆ — ನಗು ಬರುತ್ತದಲ್ಲವೇ? ಮಕ್ಕಳು ಓಡುವಾಗ ಎಡವಿದರೂ ನನ್ನ ಮೈ ಬೆವರುತ್ತದೆ. ನೀನಿರುವ ಇಂಡಿ ಊರಿನ ಬಸ್ಸು ಬಂದರೆ ನೀನು ಇಳಿದೀಯೆಂದು ಚಹಾದಂಗಡಿಯ ಮರೆಗೆ ಸರಿಯುತ್ತೇನೆ. ವಸ್ತಾದರು ಇಂದಲ್ಲ ನಾಳೆ ಬಾಯಿಬಿಟ್ಟಾರು ಎಂಬ ಹೆದರಿಕೆ ಬೇರೆ. ಅವರು ಬಿಡಲಿಲ್ಲ.

ಹೋದ ವಾರ ಅವರ ಮಗಳು ಸಿಕ್ಕಿದ್ದಳು. "ಅಪ್ಪಗ ಇನ್ನ ಭಾಳ ದಿನ ಇಲ್ರಿ ಸರ. ಬಾಗಲ ಸಪ್ಪಳಾದ್ರ ಸಾಕು, ದಸ್ತಗೀರ ಬಂದನೇನು ಅಂತ ಕೇಳ್ತಾರ," ಎಂದಳು.

ಈ ಕಾಗದವನ್ನು ನಿನ್ನ ನಿಂಬೆಕಾಯಿ ಅಂಗಡಿಯಲ್ಲಿ ನಿನ್ನ ಕೈಗಿತ್ತವನು ನಾನೇ; ಗಡ್ಡ ಬೆಳೆದಿದೆ, ಗುರುತು ಹತ್ತಿರಲಿಕ್ಕಿಲ್ಲ. ತಲೆ ಎತ್ತಿದರೆ ಎದುರಿಗೇ ನಿಂತಿದ್ದೇನೆ. ಓಡಿಹೋಗಬೇಕೆನಿಸುತ್ತಿದೆ, ಹೋಗುವುದಿಲ್ಲ. ಕ್ಷಮೆ ಕೇಳಲು ಬಂದಿಲ್ಲ. ಹೊಡೆಯುತ್ತೀಯೋ, ಊರಿಗೆಲ್ಲ ಹೇಳುತ್ತೀಯೋ, ಪೊಲೀಸರಿಗೆ ಕೊಡುತ್ತೀಯೋ — ಅದೆಲ್ಲ ಆಮೇಲೆ. ಮೊದಲು ದೇವಣಗಾಂವಕ್ಕೆ ಹೋಗು. ವಸ್ತಾದರು ಇನ್ನೂ ಇದ್ದಾರೆ.